ಕೊರೊನರಿ ಧಮನಿಗಳ ಅಸಹಜ ಉಗಮ: ಚರಿತ್ರೆ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಎರಡು ಕೊರೊನರಿ ಧಮನಿಗಳು ಮಹಾಧಮನಿಯ ಬುಡದ ಉಬ್ಬುಗಳಿಂದ ಹೊರಡುತ್ತವೆ. ಎಡದ್ದು ಎಡ ಉಬ್ಬಿನಿಂದ, ಬಲದ್ದು ಬಲ ಉಬ್ಬಿನಿಂದ. ಹುಟ್ಟಿನಿಂದಲೇ ಈ ಕ್ರಮ ತಪ್ಪಿರುವುದುಂಟು. ಬಹುಪಾಲು ನಿರುಪದ್ರವಿ. ಚರಿತ್ರೆ ಹೆಚ್ಚಾಗಿ ಪ್ರಾಣಕ್ಕೆ ಎರವಾಗುವ ಎರಡು ಬಗೆಗಳದ್ದೇ.

ಮೊದಲನೆಯದರಲ್ಲಿ ಕೊರೊನರಿ ಧಮನಿ ಹುಟ್ಟುವುದು ಶ್ವಾಸಕೋಶದ ಧಮನಿಯಿಂದ. 1885ರಲ್ಲಿ ಡಬ್ಲಿನ್ನಿನ ಬ್ರೂಕ್ಸ್ ಇಂಥ ಎರಡು ಹೃದಯಗಳನ್ನು ವರ್ಣಿಸಿ, ಆ ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿದಿರಬೇಕೆಂದು ತರ್ಕಿಸಿದ. ಶವ ನೋಡಿ ಹರಿವಿನ ದಿಕ್ಕು ಹೇಳುವುದು ಸಣ್ಣ ಮಾತಲ್ಲ. ಜೀವಂತ ರೋಗಿಯಲ್ಲಿ ಅದು ರುಜುವಾತಾಗಲು ಮುಕ್ಕಾಲು ಶತಮಾನವೇ ಹಿಡಿಯಿತು. 1933ರಲ್ಲಿ ಬಾಸ್ಟನ್ನಿನ ಬ್ಲಾಂಡ್, ವೈಟ್, ಗಾರ್ಲೆಂಡ್ ಮೂರು ತಿಂಗಳ ಮಗುವೊಂದರ ಪ್ರಕರಣ ಪ್ರಕಟಿಸಿದರು. ಹಾಲು ಕುಡಿಯುವಾಗ ಮಗು ಬಿಳಿಚಿಕೊಂಡು, ಬೆವರಿ, ಒದ್ದಾಡುತ್ತಿತ್ತು. ಮಾತು ಬಾರದ ಕೂಸಿನ ಎದೆನೋವು ಹೀಗೆಯೇ ಕಾಣಿಸಿಕೊಳ್ಳುವುದು. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ಧಮನಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ತೊಂದರೆ ತೋರದು. ಕೆಲವು ವಾರಗಳಲ್ಲಿ ಒತ್ತಡ ಇಳಿದಂತೆ ಹೃದಯಸ್ನಾಯು ರಕ್ತ ಸಾಲದೆ ಸೊರಗುತ್ತದೆ. ಸುಮಾರು ಮೂರು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ಈ ದೋಷಕ್ಕೆ ಈಗ ಧಮನಿಯನ್ನು ಬಿಡಿಸಿ ಮಹಾಧಮನಿಗೇ ಹೊಲಿಯುತ್ತಾರೆ.

ಎರಡನೆಯ ಬಗೆಯಲ್ಲಿ ಎಡ ಧಮನಿ ಬಲ ಉಬ್ಬಿನಿಂದ ಹೊರಟು ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಗಳ ನಡುವೆ ನುಸುಳುತ್ತದೆ. 1958ರಲ್ಲಿ ಕ್ಲೀವ್‌ಲ್ಯಾಂಡಿನ ಸೋನ್ಸ್ ಕೊರೊನರಿ ಆಂಜಿಯೋಗ್ರಾಂ ವಿಧಾನಕ್ಕೆ ದಾರಿ ತೆರೆದ ಮೇಲೆ ಬದುಕಿರುವವರಲ್ಲೂ ಇದು ಕಾಣತೊಡಗಿತು. ಸೋನ್ಸ್ ಇದ್ದ ಆಸ್ಪತ್ರೆಯ 1,26,595 ಆಂಜಿಯೋಗ್ರಾಂಗಳನ್ನು ಆಧರಿಸಿದ 1990ರ ವರದಿ ಎಲ್ಲ ಬಗೆಯ ಕೊರೊನರಿ ಅಸಹಜತೆಗಳ ಪ್ರಮಾಣವನ್ನು ಶೇ 1.3 ಎಂದಿತು. ಆದರೆ ಅಪಾಯವನ್ನು ಮನಗಾಣಿಸಿದ್ದು ಯುವಕರ ಸಾವುಗಳು. 1974ರಲ್ಲಿ ಚೀಟ್ಲಿನ್ ಮತ್ತು ಸಂಗಡಿಗರು ಇದನ್ನು ಶ್ರಮದ ಹೊತ್ತಿನ ಹಠಾತ್ ಸಾವಿಗೆ ತಳಕು ಹಾಕಿದರು. ಅಮೆರಿಕದ ಹೊಸ ಸೈನಿಕರ ಸಾವುಗಳ 2004ರ ಅಧ್ಯಯನದಲ್ಲಿ, ಹೃದಯದೋಷ ಖಚಿತವಾಗಿ ಪತ್ತೆಯಾದವರ ಪೈಕಿ ಸುಮಾರು ಮೂರನೆಯ ಒಂದು ಪಾಲಿನವರಲ್ಲಿ ಈ ಅಸಹಜ ಉಗಮವಿತ್ತು.

ಸಿಂಗಪುರದ ಬೂನ್ ಲೇ ನಿವಾಸಿಗಳಿಗೆ ಇದು ದೂರದ ಸಂಗತಿಯಲ್ಲ. ಅಲ್ಲಿಂದ ತುಸು ಪಶ್ಚಿಮಕ್ಕೆ ಸಾಫ್ಟಿ ಸೈನಿಕ ಸಂಸ್ಥೆಯಿದೆ. 1967ರಿಂದ ಕಡ್ಡಾಯವಾಗಿರುವ ಸೇನಾ ಸೇವೆಗೆ, ಕಾಯಂ ನಿವಾಸಿಗಳಾದ ಕನ್ನಡಿಗರ ಗಂಡುಮಕ್ಕಳೂ ಹೋಗಬೇಕು. ಭರ್ತಿಗೆ ಮುನ್ನ ಇಸಿಜಿ ಮಾಡುತ್ತಾರೆ. ಆದರೆ ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಈ ದೋಷವಿದ್ದವರಲ್ಲೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಓಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಎಕೋ ಅಥವಾ ಸಿ.ಟಿ. ಆಂಜಿಯೋಗ್ರಾಂನಲ್ಲಿ ಧಮನಿ ಎಲ್ಲಿಂದ ಹೊರಟಿದೆ ಎಂಬುದನ್ನೇ ಹುಡುಕಿ ನೋಡಬೇಕಾಗುತ್ತದೆ.