ಹಾಡು ಬರೆದವರ ಹೆಸರು

ಮೊಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ 'ಬದ್ರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದರು. ಅಂಥ ಮಾಪ್ಪಿಳ ಪಾಟ್ಟುಗಳು ಅರಬಿ-ಮಲಯಾಳಂ ಲಿಪಿಯಲ್ಲಿ ಅಚ್ಚಾಗಿ ಮನೆಗಳಿಗೆ ಬಂದವು. ಆಮೇಲೆ ಗ್ರಾಮಫೋನ್, ಕ್ಯಾಸೆಟ್. 1993ರಲ್ಲಿ ಹುಟ್ಟಿದ ವಿಸಿಡಿ ನಮ್ಮ ಕಾಸರಗೋಡಿಗೂ ತಲುಪಿದಾಗ ಹಾಡಿಗೆ ಮುಖವೂ ಬೇಕಾಯಿತು.

ಮೊದಲು ಸ್ಟುಡಿಯೋದಲ್ಲಿ ಹಾಡು ರೆಕಾರ್ಡಿಂಗ್. ಮತ್ತೆ ಕಡಪ್ಪುರದಲ್ಲಿ ಅದನ್ನೇ ಸ್ಪೀಕರಿನಲ್ಲಿ ಹಾಕಿ ಗಾಯಕ ತುಟಿ ಆಡಿಸಬೇಕು. ಮದುವೆ ವೀಡಿಯೊ ತೆಗೆಯುವವರೇ ಕ್ಯಾಮರಾದವರು. ಎಡಿಟಿಂಗಿನಲ್ಲಿ ತುಟಿಗೂ ಸ್ವರಕ್ಕೂ ಹೊಂದಿಸುವುದೇ ದೊಡ್ಡ ಕೆಲಸ.

ಉಪ್ಪನ ಅಂಗಡಿಯಲ್ಲಿ ಅಂಥ ಸಿಡಿಗಳನ್ನು ನಾನೂ ಮಾರಿದ್ದೇನೆ. ಉಳಿದ ಕೆಲವು ಈಗ ಓಡುವುದಿಲ್ಲ. ಕವರಿನಲ್ಲಿ ಗಾಯಕರ ಫೋಟೋ ಇದೆ, ಹಾಡು ಬರೆದವರ ಹೆಸರಿಲ್ಲ. 1872ರ ಕವಿ ನಮಗೆ ಗೊತ್ತು, ಮೊನ್ನೆಯವರು ಗೊತ್ತಿಲ್ಲ. ಮೊದಲ ವೀಡಿಯೊ ಮಾಡುವ ತಮ್ಮಂದಿರೇ, ಬರೆದವರ ಹೆಸರು ಹಾಕಿ.