ಕುವೆಂಪು ಯಾವ ಅಕ್ಷರದ ಕೆಳಗೆ? ನಮ್ಮ ಹೆಸರುಗಳು ಕ್ಯಾಟಲಾಗಿಗೆ ಸೇರಿದ ಕಥೆ

ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರಿಗೆಲ್ಲ ಗೊತ್ತಿರುವ ಒಂದು ತಲೆನೋವು ಇದೆ. ಮಕ್ಕಳ ಸ್ಕೂಲಿನ ಫಾರ್ಮ್ ಇರಲಿ, ಸೊಸೈಟಿಯ ಫಾರ್ಮ್ ಇರಲಿ, ಮೊದಲ ಖಾನೆಯೇ ‘ಆಡನಾವ್’. ಆಮೇಲೆ ಸ್ವಂತ ಹೆಸರು, ಕೊನೆಗೆ ಅಪ್ಪನದೋ ಗಂಡನದೋ ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಆಡನಾವೇ ಇಲ್ಲ. ಇರೋದು ಎರಡು ಇನಿಷಿಯಲ್ಲು, ಒಂದು ಹೆಸರು. ಐರೋಲಿ, ಮಹಾಪೆಯ ಆಫೀಸುಗಳಲ್ಲಿ ಅಪ್ಪನ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಕರೆಸಿಕೊಳ್ಳುವ ಕನ್ನಡಿಗರು ಎಷ್ಟು ಜನ ಇಲ್ಲ ಹೇಳಿ!

ಇದೇ ತೊಂದರೆ ನಮ್ಮ ಪುಸ್ತಕಗಳಿಗೂ ಆಗಿದೆ. ಕಳೆದ ಕೆಲವು ತಿಂಗಳಿಂದ ನಾನು ಲೈಬ್ರರಿ ಕ್ಯಾಟಲಾಗ್ ಮಾಡುವ ಈಗಿನ ಪದ್ಧತಿ ಕಲಿಯುತ್ತಿದ್ದೇನೆ. ಕಲಿಯುತ್ತಾ ಹೋದಂತೆ, ಇದು ಬರೀ ಗುಮಾಸ್ತರ ಕೆಲಸ ಅಲ್ಲ, ಇದಕ್ಕೊಂದು ಇತಿಹಾಸ ಇದೆ, ಅದರಲ್ಲಿ ನಾವೂ ಇದ್ದೇವೆ ಅಂತ ಗೊತ್ತಾಯಿತು. ಆ ಕಥೆ ಇವತ್ತು.

ಮೊದಲು ಸಮಸ್ಯೆ ಏನು ನೋಡೋಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಸ್ವಂತ ಹೆಸರು. ಓದುಗರಿಗೆ ಅವರು ಕುವೆಂಪು. ಮಾಸ್ತಿ ವೆಂಕಟೇಶ ಅಯ್ಯಂಗಾರ್: ಊರು, ಸ್ವಂತ ಹೆಸರು, ಜಾತಿಸೂಚಕ. ನಾವು ಕರೆಯುವುದು ಊರಿನ ಹೆಸರಿಂದ. ಅವರು ಕಥೆ ಬರೆದದ್ದು ‘ಶ್ರೀನಿವಾಸ’ ಅನ್ನುವ ಕಾವ್ಯನಾಮದಲ್ಲಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ಇದು ಪಕ್ಕಾ ಇಲ್ಲಿನ ಕ್ರಮ, ಹೆಸರು, ತಂದೆ, ಆಡನಾವ್. ಕವಿತೆಗೆ ಮಾತ್ರ ಅಂಬಿಕಾತನಯದತ್ತ. ಮೂರೂ ಜನ ಜ್ಞಾನಪೀಠ ಪಡೆದವರು, ಮೂವರ ಹೆಸರಿನ ರಚನೆ ಮೂರು ಥರ. ‘ಕೊನೆಯ ಪದವನ್ನು ಮೊದಲಿಗೆ ತಂದು ಬರೆ’ ಅನ್ನುವ ಇಂಗ್ಲಿಷ್ ಕ್ರಮ ಇಲ್ಲಿ ಹಾಕಿದರೆ ಬೇಂದ್ರೆ ಸಿಗುತ್ತಾರೆ, ಮಾಸ್ತಿಯವರು ಅಯ್ಯಂಗಾರ್‌ಗಳ ಗುಂಪಿನಲ್ಲಿ ಕಳೆದುಹೋಗುತ್ತಾರೆ.

ಇದನ್ನು ಗಂಭೀರವಾಗಿ ಯೋಚಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಎಸ್. ಆರ್. ರಂಗನಾಥನ್. ಶಿಯಾಳಿ ಅವರ ಊರು, ರಾಮಾಮೃತ ತಂದೆ, ರಂಗನಾಥನ್ ಸ್ವಂತ ಹೆಸರು. ಅಂದರೆ ಸಮಸ್ಯೆ ಅವರ ಹೆಸರಿನಲ್ಲೇ ಇತ್ತು! ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಕೋಲನ್ ವರ್ಗೀಕರಣ, 1934ರಲ್ಲಿ ಕ್ಯಾಟಲಾಗಿನ ನಿಯಮಾವಳಿ ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಸಂಸ್ಥೆ ಶುರುಮಾಡಿ, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆಡನಾವ್ ಎಲ್ಲ ಹೆಸರಿನಲ್ಲೂ ಇರುತ್ತದೆ ಅಂತ ಅಂದುಕೊಳ್ಳಬಾರದು, ಹೆಸರಿನ ಯಾವ ತುಂಡು ಮುಖ್ಯ ಅಂತ ಆ ಸಂಸ್ಕೃತಿಯನ್ನು ನೋಡಿ ನಿರ್ಧರಿಸಬೇಕು ಅನ್ನುವ ವಿಚಾರ ಆಮೇಲೆ ಅಂತರರಾಷ್ಟ್ರೀಯ ನಿಯಮಗಳಿಗೂ ಬಂತು. 1978ರ ಆಂಗ್ಲೋ-ಅಮೆರಿಕನ್ ನಿಯಮಾವಳಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೇ ಒಂದು ನಿಯಮ ಇದೆ. ಆಡನಾವ್ ಇಲ್ಲದಿದ್ದರೆ ಸ್ವಂತ ಹೆಸರಿನ ಕೆಳಗೇ ದಾಖಲಿಸಿ, ಮುಂದಿರುವುದು ಊರು ಅಥವಾ ತಂದೆಯ ಹೆಸರು ಇರಬಹುದು ಅಂತ. ನಮ್ಮ ಆಫೀಸಿನ ಫಾರ್ಮ್‌ಗಳು ಇವತ್ತಿಗೂ ಕಲಿಯದ ಪಾಠ!

ಇನ್ನೊಂದು ದಾರಿ ಗೋಧಿಯದು. ಹೌದು, ಗೋಧಿ. ಪಿಎಲ್ 480 ಅನ್ನುವ ಅಮೆರಿಕದ ಕಾನೂನಿನಡಿ ಭಾರತಕ್ಕೆ ಗೋಧಿ ಬಂತು, ಅದರ ಹಣ ರೂಪಾಯಿಯಲ್ಲಿ ಇಲ್ಲೇ ಜಮೆಯಾಯಿತು. ಅದರ ಒಂದು ಭಾಗದಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸತೊಡಗಿತು. ಕನ್ನಡವೂ ಅದರಲ್ಲಿತ್ತು. ಹೀಗಾಗಿ ನಮ್ಮ ಎಷ್ಟೋ ಪುಸ್ತಕಗಳ ಅಚ್ಚುಕಟ್ಟಾದ ದಾಖಲೆ ವಾಷಿಂಗ್ಟನ್‌ನಲ್ಲಿದೆ. ಆದರೆ ರೋಮನ್ ಲಿಪಿಯಲ್ಲಿ: ದೀರ್ಘಕ್ಕೆ ಮೇಲೊಂದು ಗೆರೆ, ಟ-ಡ-ಣಗಳಿಗೆ ಕೆಳಗೊಂದು ಚುಕ್ಕೆ. ಕನ್ನಡ ಓದುವವರು ಅಲ್ಲಿ ಹೋಗಿ ಹುಡುಕಬೇಕಾದರೆ ಆ ಲಿಪ್ಯಂತರ ಕಲಿಯಬೇಕಿತ್ತು.

ಇದೇ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಬಂತು. ಹೆನ್ರಿಯೆಟ್ ಆವ್ರಮ್ ಅಂತ ಒಬ್ಬ ಪ್ರೋಗ್ರಾಮರ್, ಲೈಬ್ರರಿ ಸೈನ್ಸ್ ಓದಿದವರಲ್ಲ, 1965ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ‘ಮಾರ್ಕ್’ ಅನ್ನುವ ಫಾರ್ಮ್ಯಾಟ್ ಕಟ್ಟಿದರು. ಕಾರ್ಡಿನ ಪ್ರತಿಯೊಂದು ವಿಷಯಕ್ಕೂ ಮೂರಂಕಿಯ ಟ್ಯಾಗ್. 100 ಲೇಖಕ, 245 ಶೀರ್ಷಿಕೆ, 650 ವಿಷಯ. ನಾವು ಐಟಿಯವರು ಇವತ್ತು ನೋಡಿದರೆ ಹಳೇ ಕಾಲದ್ದು ಅನ್ನಿಸುತ್ತದೆ, ಆದರೆ ಇವತ್ತಿಗೂ ಪ್ರಪಂಚದ ಲೈಬ್ರರಿಗಳು ಇದರ ಮೇಲೇ ನಡೀತಿವೆ.

ಈ ಟ್ಯಾಗುಗಳಲ್ಲಿ ನನಗೆ ತುಂಬ ಇಷ್ಟವಾದದ್ದು 880. ರೋಮನ್‌ನಲ್ಲಿ ಬರೆದದ್ದನ್ನೇ ಮೂಲ ಲಿಪಿಯಲ್ಲಿ ಇನ್ನೊಮ್ಮೆ ಬರೆದು, ಎರಡನ್ನೂ ಜೋಡಿಸುವ ಜಾಗ ಅದು. ಕನ್ನಡ ಅಕ್ಷರಗಳು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಸೇರಿದ್ದರಿಂದ ಇವತ್ತು ಅಲ್ಲಿ ಕನ್ನಡದಲ್ಲೇ ಬರೆಯಬಹುದು. 2010ರಲ್ಲಿ ಬಂದ ಆರ್‌ಡಿಎ ಅನ್ನುವ ಹೊಸ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ನಿಯಮದಲ್ಲಿ ಮೂವರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರ ಹೆಸರು ಬರೆದು ‘ಮತ್ತಿತರರು’ ಅಂತ ಮುಗಿಸುತ್ತಿದ್ದರು. ಈಗ ಎಲ್ಲರ ಹೆಸರನ್ನೂ ಬರೆಯಬಹುದು. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ನೆನಪಿಸಿಕೊಳ್ಳಿ. ಆ ‘ಮತ್ತಿತರರು’ ಯಾರು? ನಮ್ಮ ಅಜ್ಜಂದಿರೇ ಅಲ್ವಾ?

ಈಗ ನಮ್ಮೂರಿಗೆ ಬರೋಣ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದ್ದು. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ವಿನಾಯಕ ಲಕ್ಷ್ಮಣ ಭಾವೆ ಅವರೇ ‘ಮಹಾರಾಷ್ಟ್ರ ಸಾರಸ್ವತ’ ಅನ್ನುವ ಮರಾಠಿ ಸಾಹಿತ್ಯದ ಇತಿಹಾಸ ಬರೆದರು. ಯಾವ ಪುಸ್ತಕ ಇದೆ ಅಂತ ಗೊತ್ತಿದ್ದವರು ಮಾತ್ರ ಇತಿಹಾಸ ಬರೆಯಬಲ್ಲರು, ನೋಡಿ. ಕನ್ನಡಿಗರೂ ಸುಮ್ಮನಿರಲಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದ್ದು, ಮುಂಬಯಿಯ ಕರ್ನಾಟಕ ಸಂಘ 1933ರದ್ದು. ಆಮೇಲೆ ಜನ ಡೊಂಬಿವಲಿ, ಕಲ್ಯಾಣ, ವಾಶಿ ಕಡೆಗೆ ಮನೆ ಮಾಡಿದಾಗ ಪುಸ್ತಕಗಳೂ ಜೊತೆಗೆ ಬಂದವು. ಬ್ಯಾಂಕಿನವರ, ಹೋಟೆಲಿನವರ, ಶಾಲೆ ಮೇಷ್ಟ್ರ ಕಪಾಟುಗಳಲ್ಲಿ ಅವು ಇವತ್ತಿಗೂ ಇವೆ.

ಎಷ್ಟು ದಿನ ಇರುತ್ತವೆ? ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋದಾಗ, ಹಿರಿಯರು ತೀರಿಕೊಂಡಾಗ, ಕನ್ನಡ ಓದಲು ಬಾರದ ಮಕ್ಕಳು ರದ್ದಿಯವನನ್ನು ಕರೀತಾರೆ. ಅವರದ್ದು ತಪ್ಪು ಅನ್ನಲಾರೆ. ಅದು ಏನು ಅಂತ ಯಾರೂ ಎಲ್ಲೂ ಬರೆದಿಟ್ಟಿಲ್ಲವಲ್ಲ! ಬರೆದಿಟ್ಟಿದ್ದರೂ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇವತ್ತು ತೆರೆದರೆ ಚಿತ್ರವಿಚಿತ್ರ ಚಿಹ್ನೆ ಕಾಣುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರದ್ದು, ಮುಂಬಯಿಯ ಕಾರ್ಪೊರೇಟ್ ಜಗತ್ತಿನ ಕಾದಂಬರಿ. ವಿಷಯದ ಟ್ಯಾಗಿನಲ್ಲಿ ‘ಮುಂಬಯಿ – ಕಾದಂಬರಿ’ ಅಂತ ಯಾರೂ ಬರೆಯದಿದ್ದರೆ, ಹೆಸರು ಮಾತ್ರ ನೋಡಿದವರಿಗೆ ಅದು ಬೇಟೆಯ ಪುಸ್ತಕ!

ಉಪಾಯ ನಮ್ಮ ಕೈಯಲ್ಲೇ ಇದೆ. ಕೋಹಾ ಅಂತ ಒಂದು ಓಪನ್ ಸೋರ್ಸ್ ತಂತ್ರಾಂಶ ಇದೆ, 2000ದಲ್ಲಿ ನ್ಯೂಜಿಲೆಂಡಿನ ಸಣ್ಣ ಊರುಗಳ ಲೈಬ್ರರಿಗಳಲ್ಲಿ ಶುರುವಾದದ್ದು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಅದರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆಯನ್ನು ನೇರವಾಗಿ ಎಳೆದುಕೊಳ್ಳಬಹುದು. ಗೋಧಿಯ ದುಡ್ಡಿನಲ್ಲಿ ಹೋದ ನಮ್ಮ ಪುಸ್ತಕದ ವಿವರ ಡೊಂಬಿವಲಿಗೆ ವಾಪಸ್ ಬರುತ್ತದೆ, ಪುಕ್ಕಟೆ. ಆಮೇಲೆ 880ರಲ್ಲಿ ಕನ್ನಡ ತುಂಬಬೇಕು. ಪುಟ್ಟಪ್ಪ ಅಂದರೂ ಕುವೆಂಪು ಅಂದರೂ ಒಂದೇ ಕಡೆ ತಲುಪುವ ಹಾಗೆ ಹೆಸರುಗಳನ್ನು ಜೋಡಿಸಬೇಕು. ಅಷ್ಟು ಮಾಡಲು ಡೇಟಾಬೇಸೂ ಗೊತ್ತಿರಬೇಕು, ಕನ್ನಡವೂ ಗೊತ್ತಿರಬೇಕು. ಠಾಣೆಯಿಂದ ಪನವೇಲ್ ತನಕ ಎರಡೂ ಗೊತ್ತಿರುವವರು ನಾವೇ.

ನಿಮ್ಮ ಬಿಲ್ಡಿಂಗಿನಲ್ಲಿ ಕನ್ನಡ ಕಪಾಟು ಇರುವ ಹಿರಿಯರಿದ್ದರೆ ಈ ಭಾನುವಾರ ಒಂದು ಗಂಟೆ ಹೋಗಿ ಕೂತುಕೊಳ್ಳಿ. ಶೀರ್ಷಿಕೆ ಪುಟದ ಮತ್ತು ಅದರ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಲೇಖಕರ ಇನಿಷಿಯಲ್ ಬಿಡಿಸಿ ಹೇಳಿ ಅಂತ ಅವರನ್ನೇ ಕೇಳಿ. ಯಾವುದು ಊರು, ಯಾವುದು ತಂದೆ ಅನ್ನೋದು ಅವರಿಗೆ ಬಾಯಲ್ಲೇ ಇರುತ್ತದೆ. ಅದು ಬೇರೆ ಯಾವ ಸರ್ವರಿನಲ್ಲೂ ಇಲ್ಲ. ಮುಂದಿನ ಮಾತಿನಲ್ಲಿ ಕೋಹಾ ಹಾಕಿಕೊಳ್ಳುವುದನ್ನು ತೋರಿಸುತ್ತೇನೆ.