ರುಮ್ಯಾಟಿಕ್ ಜ್ವರದ ಇತಿಹಾಸ

ರುಮ್ಯಾಟಿಕ್ ಜ್ವರವು 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಗಂಟಲುಬೇನೆಯ ವಿರಳ, ಆದರೆ ಗಂಭೀರವಾದ ಪರಿಣಾಮ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಗಂಟಲುನೋವು ಬಂದ 2–3 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಸೋಂಕನ್ನು ಎದುರಿಸಲು ಹುಟ್ಟಿದ ರೋಗನಿರೋಧಕ ಶಕ್ತಿ ದೇಹದ ಸ್ವಂತ ಅಂಗಾಂಶಗಳ ಮೇಲೆಯೇ ತಿರುಗಿಬೀಳುವುದು ಇದಕ್ಕೆ ಕಾರಣ. ಕೀಲುಗಳ ಊತ ಇಳಿಯುತ್ತದೆ; ಹೃದಯದ ಕವಾಟಗಳಿಗಾದ ಹಾನಿ ಮಾತ್ರ ಬದುಕಿನುದ್ದಕ್ಕೂ ಉಳಿಯಬಹುದು.

ಚದುರಿದ ಲಕ್ಷಣಗಳು

ಕೈಕಾಲುಗಳು ಅಂಕೆಯಿಲ್ಲದೆ ಅದುರುವ 'ಕೊರಿಯಾ'ವನ್ನು ಇಂಗ್ಲೆಂಡಿನ ಥಾಮಸ್ ಸಿಡನ್‌ಹ್ಯಾಮ್ 1686ರಲ್ಲಿ ವರ್ಣಿಸಿದ. ಅದು ಕೀಲುನೋವಿನ ಜ್ವರದ್ದೇ ಇನ್ನೊಂದು ಮುಖ ಎಂಬುದು ಅವನಿಗೆ ತಿಳಿದಿರಲಿಲ್ಲ. 1816ರಲ್ಲಿ ಫ್ರೆಂಚ್ ವೈದ್ಯ ಲೆನೆಕ್ ಸ್ಟೆತಸ್ಕೋಪ್ ರೂಪಿಸಿದ ಮೇಲೆ ಕವಾಟದ ದೋಷ ವೈದ್ಯರ ಕಿವಿಗೆ ಬೀಳತೊಡಗಿತು. ಪ್ಯಾರಿಸ್ಸಿನ ಬುಯೋ 1836ರಲ್ಲಿ ಕೀಲಿನ ಉರಿಯೂತಕ್ಕೂ ಹೃದಯದ ಕಾಯಿಲೆಗೂ ಇರುವ ನಂಟನ್ನು ಸ್ಪಷ್ಟಪಡಿಸಿದ. 1904ರಲ್ಲಿ ಜರ್ಮನಿಯ ಲುಡ್ವಿಗ್ ಆಶಾಫ್ ಹೃದಯಸ್ನಾಯುವಿನಲ್ಲಿ ಈ ರೋಗದ ವಿಶಿಷ್ಟ ಗಂಟುಗಳನ್ನು ಗುರುತಿಸಿದ.

ಗಂಟಲಿನ ಸುಳಿವು

ಮೂಲ ಕಾರಣ ಬಹುಕಾಲ ಮರೆಯಲ್ಲೇ ಉಳಿಯಿತು. ಕೀಲು ಊದಿಕೊಂಡು ಮಗು ಆಸ್ಪತ್ರೆ ಸೇರುವ ಹೊತ್ತಿಗೆ ಗಂಟಲು ವಾಸಿಯಾಗಿ, ಅಲ್ಲಿ ರೋಗಾಣು ಸಿಗದೆ ಹೋಗುವುದು ಸಾಮಾನ್ಯವಾಗಿತ್ತು. ಈ ನಡುವಿನ ವಾರಗಳ ಮೌನವೇ ವೈದ್ಯರ ದಾರಿ ತಪ್ಪಿಸಿತ್ತು. 1931ರಲ್ಲಿ ಅಮೆರಿಕದಲ್ಲಿ ಆಲ್ವಿನ್ ಕೋಬರ್ನ್, ಬ್ರಿಟನ್ನಿನಲ್ಲಿ ಕಾಲಿಸ್ ಪ್ರಕಟಿಸಿದ ಅಧ್ಯಯನಗಳು ಗಂಟಲಿನ ಸೋಂಕಿನತ್ತ ಬೆರಳು ತೋರಿದವು. 1933ರಲ್ಲಿ ರೆಬೆಕಾ ಲಾನ್ಸ್‌ಫೀಲ್ಡ್ ಸ್ಟ್ರೆಪ್ಟೊಕಾಕಸ್‌ಗಳನ್ನು ಗುಂಪುಗಳಾಗಿ ವಿಂಗಡಿಸಿದ್ದರಿಂದ ಇದು 'ಎ' ಗುಂಪಿನ ಕೆಲಸವೆಂದು ಗುರುತಿಸಲು ಸಾಧ್ಯವಾಯಿತು. 1944ರಲ್ಲಿ ಡಕೆಟ್ ಜೋನ್ಸ್ ರೂಪಿಸಿದ ರೋಗನಿರ್ಣಯದ ಮಾನದಂಡಗಳು ಪರಿಷ್ಕೃತ ರೂಪದಲ್ಲಿ ಈಗಲೂ ಬಳಕೆಯಲ್ಲಿವೆ.

ತಡೆಯುವ ದಾರಿ

ನಿರ್ಣಾಯಕ ಪುರಾವೆ ದೊರೆತದ್ದು ಅಮೆರಿಕದ ವಯೋಮಿಂಗ್‌ನ ವಾರನ್ ಸೇನಾನೆಲೆಯಲ್ಲಿ. ಗಂಟಲಿನ ಸೋಂಕಿದ್ದ ಸೈನಿಕರಿಗೆ ಪೆನಿಸಿಲಿನ್ ಕೊಟ್ಟಾಗ ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ತಪ್ಪುತ್ತದೆ ಎಂಬ ಫಲಿತಾಂಶ 1950ರಲ್ಲಿ ಪ್ರಕಟವಾಯಿತು. ಗಂಟಲುನೋವು ಶುರುವಾಗಿ 9 ದಿನಗಳೊಳಗೆ ಚಿಕಿತ್ಸೆ ಆರಂಭಿಸಿದರೂ ರೋಗವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ 3–4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಒಂದೊಂದು ಮರುಕಳಿಕೆಯೂ ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ.

ಭಾರತದಲ್ಲಿ

ಇಲ್ಲಿ ಮಿಟ್ರಲ್ ಕವಾಟ ಚಿಕ್ಕ ವಯಸ್ಸಿನಲ್ಲೇ ಕಿರಿದಾಗುವುದನ್ನು ಸುಜಯ್ ರಾಯ್ ಮತ್ತು ಸಂಗಡಿಗರು 1963ರಲ್ಲಿ ದಾಖಲಿಸಿದರು. ಅಂಥ ಕವಾಟವನ್ನು ಎದೆ ಸೀಳದೆ ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೊವೆ 1984ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ.

ಶ್ರೀಮಂತ ದೇಶಗಳಲ್ಲಿ ಇಕ್ಕಟ್ಟಿನ ವಸತಿ ಕಡಿಮೆಯಾಗಿ, ವೈದ್ಯಸೇವೆ ಕೈಗೆಟುಕಿದಂತೆ ರೋಗ ಬಹುಮಟ್ಟಿಗೆ ಮರೆಯಾಯಿತು. ಬಡವರ ನಡುವೆ ಉಳಿದುಕೊಂಡಿತು. 2018ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ನಿಯಂತ್ರಣಕ್ಕೆ ನಿರ್ಣಯ ಅಂಗೀಕರಿಸಿತು. ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲವಾದ್ದರಿಂದ, ಮಗುವಿನ ಗಂಟಲುಬೇನೆಗೆ ಸಕಾಲದಲ್ಲಿ ಸಿಗುವ ಚಿಕಿತ್ಸೆಯೇ ಹೃದಯವನ್ನು ಕಾಯುವ ಮೊದಲ ಉಪಾಯ.